ದುಡಿಯ ಮಾತು, ಓಲೆಯ ಮಾತು: ಕೊಡಗಿನ ಕನ್ನಡ ತರಗತಿಯಲ್ಲಿ ಧರ್ಮಪಠ್ಯ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಧರ್ಮಾಧ್ಯಯನ ಎಂಬ ಹೆಸರಿನ ವಿಭಾಗವನ್ನು ಹುಡುಕಿ ಹೊರಟವರಿಗೆ ಬಹುಮಟ್ಟಿಗೆ ನಿರಾಶೆಯೇ ಕಾದಿರುತ್ತದೆ. ಇತಿಹಾಸಕ್ಕೋ ಸಮಾಜಶಾಸ್ತ್ರಕ್ಕೋ ಇರುವಂತೆ ಅದಕ್ಕೊಂದು ಕೊಠಡಿಯಿಲ್ಲ, ವೇಳಾಪಟ್ಟಿಯಲ್ಲಿ ಒಂದು ಗಂಟೆಯಿಲ್ಲ. ಆದರೂ ಅಲ್ಲಿ ಧರ್ಮಗ್ರಂಥಗಳ ಓದು ದಿನವೂ ನಡೆಯುತ್ತಿರುತ್ತದೆ. ಹೆಸರಿಲ್ಲದೆ ಆ ಕೆಲಸವನ್ನು ಮಾಡುತ್ತ ಬಂದಿರುವವರು ಕನ್ನಡ ಅಧ್ಯಾಪಕರು. ‘ಆದಿಪುರಾಣ’ ತೀರ್ಥಂಕರನ ಚರಿತೆ, ಹರಿಹರನ ರಗಳೆಗಳು ಶಿವಶರಣರ ಚರಿತೆ, ಕುಮಾರವ್ಯಾಸನದು ಕೃಷ್ಣಕಥೆ, ‘ಭರತೇಶ ವೈಭವ’ ಯೋಗದ ಕಾವ್ಯ, ವಚನ, ಕೀರ್ತನೆ, ತತ್ವಪದಗಳ ಮಾತಂತೂ ಹೇಳಬೇಕಾಗಿಯೇ ಇಲ್ಲ. ಹಳಗನ್ನಡ ನಡುಗನ್ನಡಗಳಿಂದ ಧರ್ಮವನ್ನು ಸೋಸಿ ತೆಗೆದರೆ ಪಠ್ಯಪುಸ್ತಕದಲ್ಲಿ ಉಳಿಯುವುದು ಕೆಲವೇ ಹಾಳೆ. ಇಷ್ಟೆಲ್ಲವನ್ನೂ ಬೋಧಿಸುವ ಅಧ್ಯಾಪಕ ತಾನು ಸಾಹಿತ್ಯ ಬೋಧಿಸುತ್ತಿದ್ದೇನೆ ಎಂದೇ ತಿಳಿದಿರುತ್ತಾನೆ. ಈ ತಿಳಿವಳಿಕೆ ಅವನಿಗೆ ಕೊಟ್ಟ ಸ್ವಾತಂತ್ರ್ಯ ದೊಡ್ಡದು. ಅದು ಅವನ ಕಣ್ಣಿನಿಂದ ಮರೆಮಾಡಿದ್ದೂ ಸಣ್ಣದಲ್ಲ.

ಕಾನೂನಿನ ದೃಷ್ಟಿಯಿಂದ ಈ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಲ್ಲ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದು ತಡೆಯುವುದು ಬೋಧನೆಯನ್ನು, ಅಧ್ಯಯನವನ್ನಲ್ಲ. 1964-66ರ ಕೊಠಾರಿ ಆಯೋಗ ಒಂದು ಮತವನ್ನು ಕಲಿಸುವುದಕ್ಕೂ ಮತಗಳ ಬಗ್ಗೆ ಕಲಿಸುವುದಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಿತು. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನಕ್ಕೆ ಅವಕಾಶವಿತ್ತ ಪಂಜಾಬಿನ ವಿಶ್ವವಿದ್ಯಾಲಯದ ಕಾಯಿದೆಯ ಪ್ರಶ್ನೆ 1971ರಲ್ಲಿ ಎದ್ದಾಗಲೂ, ಶಾಲಾ ಪಠ್ಯಕ್ರಮದ ಚೌಕಟ್ಟಿನ ಪ್ರಶ್ನೆ 2002ರಲ್ಲಿ ಎದ್ದಾಗಲೂ ಸರ್ವೋಚ್ಚ ನ್ಯಾಯಾಲಯ ಇದೇ ಅಂತರವನ್ನು ಆಧರಿಸಿ ತೀರ್ಪಿತ್ತಿತು. ಇವೆಲ್ಲಕ್ಕಿಂತ ಹಿಂದೆಯೇ, 1948-49ರ ರಾಧಾಕೃಷ್ಣನ್ ಆಯೋಗ ಪದವಿ ತರಗತಿಗಳಿಗೆ ಮೂರು ವರ್ಷದ ಕ್ರಮವೊಂದನ್ನು ಸೂಚಿಸಿತ್ತು: ಮೊದಲ ವರ್ಷ ಮತಪ್ರವರ್ತಕರ ಚರಿತ್ರೆ, ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತತ್ತ್ವಶಾಸ್ತ್ರದ ಮುಖ್ಯ ಸಮಸ್ಯೆಗಳು. ಆ ಶಿಫಾರಸು ಕಡತದಲ್ಲಿಯೇ ಉಳಿಯಿತು. ಉಳಿದದ್ದಕ್ಕೆ ವಿಷಾದಪಡುವವರೂ ಅದರ ಒಂದು ಪೂರ್ವಗ್ರಹವನ್ನು ಗಮನಿಸಬೇಕು. ಧರ್ಮವೆಂದರೆ ಪ್ರವರ್ತಕನೊಬ್ಬ ಇರಬೇಕು, ಅವನ ಹಿಂದೆ ಗ್ರಂಥವೊಂದು ಇರಬೇಕು, ಗ್ರಂಥದೊಳಗೆ ತತ್ತ್ವ ಇರಬೇಕು ಎಂಬುದು ಆ ಮೂರು ವರ್ಷಗಳ ಒಳತರ್ಕ.

ಆ ಆಯೋಗ ತನ್ನ ಕೆಲಸ ಮುಗಿಸುತ್ತಿದ್ದ 1949ರಲ್ಲಿಯೇ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾಯಿತು. ಆಗ ಕೊಡಗು ಪ್ರತ್ಯೇಕ ರಾಜ್ಯ; ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆ ಮೈಸೂರು ವಿಶ್ವವಿದ್ಯಾಲಯ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಹೊತ್ತ ಆ ಕಾಲೇಜು ಹೀಗೆ ಮನೆ ಬದಲಿಸುತ್ತ ಬಂತು. ಚಿಕ್ಕ ಅಳುವಾರದ ‘ಜ್ಞಾನ ಕಾವೇರಿ’ ಸ್ನಾತಕೋತ್ತರ ಕೇಂದ್ರವನ್ನು ನೆಲೆಯಾಗಿಸಿಕೊಂಡು 2023ರಲ್ಲಿ ಕೊಡಗು ವಿಶ್ವವಿದ್ಯಾಲಯವೇ ಆರಂಭವಾಯಿತು. ವಿಶ್ವವಿದ್ಯಾಲಯ ಬದಲಾದಂತೆ ಕನ್ನಡ ಪಠ್ಯಪುಸ್ತಕದ ಹೊದಿಕೆ ಬದಲಾಯಿತು. ಒಳಗಿನ ದೇವರುಗಳು ಹೆಚ್ಚು ಬದಲಾಗಲಿಲ್ಲ.

ಕೊಡಗಿನ ತರಗತಿಯ ವಿಶೇಷವಿರುವುದು ಅದರ ಬೆಂಚುಗಳಲ್ಲಿ. ಕೊಡವ ತಕ್ಕ್ ಆಡುವ ಮನೆಗಳಿಂದ ಬಂದವರು, ಅರೆಭಾಷೆಯ ಗೌಡರು, ಮಲಯಾಳ ಅಥವಾ ಬ್ಯಾರಿ ಮಾತಿನ ಮುಸ್ಲಿಮರು, ತುಳುವರು, ವೀರಾಜಪೇಟೆಯ ಕೊಂಕಣಿ ಮತ್ತು ತಮಿಳು ಕ್ರೈಸ್ತರು, ಶನಿವಾರಸಂತೆ ಕೊಡ್ಲಿಪೇಟೆಗಳ ಲಿಂಗಾಯತರು, ಎಷ್ಟೋ ವರ್ಷಗಳ ಮೇಲೆ ಹಾಡಿಯಿಂದ ಕಾಲೇಜಿನ ಮೆಟ್ಟಿಲೇರಿದ ಯರವ, ಕುರುಬ ಹುಡುಗರು: ಇವರಲ್ಲಿ ಅನೇಕರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಧಾರವಾಡದ ಅಥವಾ ಕಲಬುರಗಿಯ ತರಗತಿಯಲ್ಲಿ ಬಸವಣ್ಣನ ವಚನವನ್ನು ಎತ್ತಿಕೊಂಡ ಕೂಡಲೇ ಹಲವರ ಮನೆಯ ದೇವರ ಜಗಲಿ ಎದುರಿಗೆ ಬಂದು ನಿಲ್ಲುತ್ತದೆ. ಗೋಣಿಕೊಪ್ಪದಲ್ಲಿ ಹಾಗಿಲ್ಲ. ಅಲ್ಲಿಯ ಬಹುಪಾಲು ವಿದ್ಯಾರ್ಥಿಗೆ ವಚನ, ಕೀರ್ತನೆ, ಜೈನಪುರಾಣ ಮೂರೂ ಸಮಾನ ದೂರದಲ್ಲಿರುವ ವಸ್ತುಗಳು. ಧರ್ಮಾಧ್ಯಯನದ ಪಂಡಿತರು ಬಹಳ ಕಷ್ಟಪಟ್ಟು ಕಲಿಸಲು ಹವಣಿಸುವ ಒಂದು ಗುಣ, ಪಠ್ಯವನ್ನು ಭಕ್ತಿಯಿಂದಲೂ ದ್ವೇಷದಿಂದಲೂ ದೂರ ನಿಂತು ಓದುವ ಗುಣ, ಇಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೊಡಗಿನ ಅಧ್ಯಾಪಕರು ಇದನ್ನು ಕೊರತೆಯೆಂದು ಹೇಳಿಕೊಳ್ಳುವುದುಂಟು. ‘ನಮ್ಮ ಮಕ್ಕಳಿಗೆ ಸಂಸ್ಕಾರದ ಹಿನ್ನೆಲೆಯೇ ಇಲ್ಲ’ ಎಂಬುದು ಆ ದೂರಿನ ಧಾಟಿ. ಅದು ಕೊರತೆಯಲ್ಲ. ಶನಿವಾರಸಂತೆಯ ಹುಡುಗಿಗೆ ಮನೆಯ ಮಾತಾಗಿರುವ ‘ಲಿಂಗ’ ಎಂಬ ಪದವನ್ನು ನಾಪೋಕ್ಲಿನ ಹುಡುಗ ಅರ್ಥ ಕೇಳಿ ತಿಳಿಯಬೇಕಾದಾಗ, ಆ ಅರ್ಥವನ್ನು ಅವಳೂ ಮೊದಲ ಬಾರಿಗೆ ವಾಕ್ಯದಲ್ಲಿ ಹೇಳಬೇಕಾಗುತ್ತದೆ. ಅಧ್ಯಯನ ಶುರುವಾಗುವುದು ಆ ವಾಕ್ಯದಲ್ಲಿ.

ಕಷ್ಟ ಬರುವುದು ಪಾತ್ರ ತಿರುಗಿದಾಗ. ‘ನಿಮ್ಮ ಮನೆಯ ಧರ್ಮಗ್ರಂಥ ಯಾವುದು’ ಎಂದು ಆ ನಾಪೋಕ್ಲಿನ ಹುಡುಗನನ್ನು ಕೇಳಿದರೆ ಅವನು ಏನು ಹೇಳಬೇಕು? ಅವನ ಐನ್‌ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಯ ದೀಪವಿದೆ, ಒಕ್ಕದ ಮೂಲಪುರುಷನಾದ ಗುರುಕಾರಣನಿಗೆ ಕೈಮಡವಿದೆ, ವರ್ಷಕ್ಕೊಮ್ಮೆ ತೆರೆ ಕಟ್ಟುವ ಕೋಲವಿದೆ, ಪುತ್ತರಿಗೆ ಕದಿರು ತೆಗೆಯುವ ಕ್ರಮವಿದೆ. ಮದುವೆ ನಡೆಯುವುದು ಪುರೋಹಿತನಿಂದಲ್ಲ, ಹಿರಿಯರ ಆಶೀರ್ವಾದದಿಂದ. ಮಂತ್ರದ ಜಾಗದಲ್ಲಿ ದುಡಿ ಬಾರಿಸುವ ನಾಲ್ವರ ಹಾಡಿದೆ. ಇದರಲ್ಲಿ ಯಾವುದೂ ಕಪಾಟಿನಲ್ಲಿ ಇಡುವಂಥದಲ್ಲ. ಕಪಾಟಿನಲ್ಲಿ ಇಡಬಹುದಾದ ಎರಡು ಪುಸ್ತಕಗಳು ಮಾತ್ರ ಕೊಡಗಿಗೆ ಸಿಕ್ಕಿವೆ. ಒಂದು ‘ಕಾವೇರಿ ಮಾಹಾತ್ಮ್ಯೆ’. ಇನ್ನೊಂದು ‘ಪಟ್ಟೋಲೆ ಪಳಮೆ’. ಒಂದು ಸಂಸ್ಕೃತದ ಓಲೆಯಿಂದ ಬಂದದ್ದು, ಒಂದು ದುಡಿಯಿಂದ. ಇವೆರಡೂ ಗ್ರಂಥಗಳಾದ ಬಗೆಯನ್ನು ತಿಳಿಯುವುದು ಕೊಡಗಿನ ವಿದ್ಯಾರ್ಥಿಗೆ ಇವುಗಳ ಒಳಗಿನ ಕಥೆಯನ್ನು ತಿಳಿಯುವಷ್ಟೇ ಅಗತ್ಯ.

ಮೊದಲಿನದರ ಮುದ್ರಣಚರಿತ್ರೆ ಕನ್ನಡ ಅಧ್ಯಾಪಕರಿಗೆ ಚೆನ್ನಾಗಿ ಪರಿಚಿತನಾದ ಒಬ್ಬ ವ್ಯಕ್ತಿಯ ಮೂಲಕ ಹಾದುಹೋಗುತ್ತದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ‘ಜೈಮಿನಿ ಭಾರತ’, ‘ಬಸವಪುರಾಣ’, ದಾಸರ ಪದಗಳು ಮುಂತಾದವನ್ನು ಅಚ್ಚು ಹಾಕಿಸಿದ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟ. ಮಠದಲ್ಲಿ, ಭಜನೆಯಲ್ಲಿ, ಗಮಕದಲ್ಲಿ ಬದುಕಿದ್ದ ಪಠ್ಯಗಳು ಹೀಗೆ ಯಾರು ಬೇಕಾದರೂ ಕೊಂಡು ಎಲ್ಲಿ ಬೇಕಾದರೂ ಕುಳಿತು ಓದಬಹುದಾದ ‘ಸಾಹಿತ್ಯ’ವಾದವು. ಆ ಕೆಲಸ ಮುಗಿಸಿದ ಮೋಗ್ಲಿಂಗ್ 1853ರಲ್ಲಿ ಮತಪ್ರಚಾರಕ್ಕಾಗಿ ಕೊಡಗಿಗೆ ಬಂದ. 1855ರಲ್ಲಿ ‘ಕೂರ್ಗ್ ಮೆಮ್ವಾರ್ಸ್’ ಪ್ರಕಟಿಸಿದ. ಇಲ್ಲೊಂದು ಸ್ವಾರಸ್ಯವಿದೆ. ಬಯಲುಸೀಮೆಯಲ್ಲಿಯೂ ಕರಾವಳಿಯಲ್ಲಿಯೂ ಅವನಿಗೆ ಅಚ್ಚು ಹಾಕಿಸಲು ಕಾವ್ಯಗಳು ಸಿಕ್ಕವು; ಕೊಡಗಿನಲ್ಲಿ ಸಿಕ್ಕಿದ್ದು ಆಚಾರಗಳು. ಆದ್ದರಿಂದ ಅಲ್ಲಿ ಅವನು ಗ್ರಂಥಸಂಪಾದನೆಯನ್ನು ಬಿಟ್ಟು ಜನವರ್ಣನೆಗೆ ತೊಡಗಿದ. ಗ್ರಂಥವಿದ್ದವರಿಗೆ ‘ಸಾಹಿತ್ಯ’, ಇಲ್ಲದವರಿಗೆ ‘ರೀತಿ-ನೀತಿ’ ಎಂಬ ವಿಂಗಡಣೆ ಇಂದಿಗೂ ಪದವಿ ಪಠ್ಯದಲ್ಲಿ ಕಾವ್ಯಭಾಗ ಮತ್ತು ಜಾನಪದಭಾಗ ಎಂದು ಮುಂದುವರಿದಿರುವುದನ್ನು ಕಾಣಬಹುದು.

‘ಕಾವೇರಿ ಮಾಹಾತ್ಮ್ಯೆ’ ತನ್ನನ್ನು ಸ್ಕಾಂದಪುರಾಣದ ಭಾಗವೆಂದು ಕರೆದುಕೊಳ್ಳುತ್ತದೆ. ಭಾರತದ ಅಸಂಖ್ಯ ಸ್ಥಳಮಾಹಾತ್ಮ್ಯೆಗಳು ಹಾಗೆಯೇ ಕರೆದುಕೊಳ್ಳುತ್ತವೆ. ಸ್ಕಾಂದವೆಂಬುದು ಹೊಸಬರು ಬಂದಾಗಲೆಲ್ಲ ಒಂದು ಕೋಣೆ ಕಟ್ಟಿಸಿಕೊಟ್ಟ ದೊಡ್ಡ ಮನೆ. ಕವೇರ ಮುನಿಯ ಸಾಕುಮಗಳು, ಅಗಸ್ತ್ಯನ ಕೈಹಿಡಿದವಳು, ಅವನ ಕಮಂಡಲುವಿನಿಂದ ಹರಿದು ನದಿಯಾದವಳು ಎಂಬ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಗೊತ್ತಿಲ್ಲದ ಭಾಗವೇ ಸಂಶೋಧಕನಿಗೆ ಮುಖ್ಯವಾದದ್ದು. ಮತ್ಸ್ಯದೇಶದ ಚಂದ್ರವರ್ಮನೆಂಬ ರಾಜಕುಮಾರ ಈ ಮಲೆಗೆ ಬಂದ, ಅವನ ಸಂತತಿಯೇ ಇಲ್ಲಿಯ ಜನ, ಕ್ಷತ್ರಿಯ ತಂದೆಗೂ ಶೂದ್ರ ತಾಯಿಗೂ ಹುಟ್ಟಿದ ಕಾರಣ ಅವರು ‘ಉಗ್ರ’ರು, ಹಂದಿಗಳಂತೆ ನೆಲವನ್ನು ಅಗೆದು ಹಸನು ಮಾಡಿದ್ದರಿಂದ ನಾಡಿಗೆ ಕ್ರೋಡದೇಶವೆಂದು ಹೆಸರು. ಒಂದು ಜನವನ್ನು ವರ್ಣವ್ಯವಸ್ಥೆಯ ಏಣಿಯಲ್ಲಿ ನಿಲ್ಲಿಸುವ ಕೆಲಸ ಇಲ್ಲಿ ಎಷ್ಟು ಎಚ್ಚರದಿಂದ ನಡೆದಿದೆಯೆಂದರೆ, ಕೊಡುವ ಗೌರವವನ್ನೂ ಅದರ ಮಿತಿಯನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಗೆಜೆಟಿಯರ್ ಬರೆದ ಅಧಿಕಾರಿಗಳೂ ಮಿಷನರಿಗಳೂ ಇದನ್ನು ‘ಕೊಡಗಿನ ಪುರಾಣ’ವೆಂದು ಸಾರಾಂಶ ಮಾಡಿಕೊಟ್ಟಾಗ ಅದಕ್ಕೆ ಎರಡನೆಯ ಪ್ರಾಮಾಣ್ಯ ಬಂತು. ಓಲೆಯ ಪ್ರಾಮಾಣ್ಯದ ಮೇಲೆ ಸರ್ಕಾರಿ ಅಚ್ಚಿನ ಪ್ರಾಮಾಣ್ಯ.

ದುಡಿಯ ಹಾಡುಗಳು ಹೇಳುವ ದೇವರ ಭೂಗೋಳ ಬೇರೆ. ಅಲ್ಲಿ ಮಲೆಯಾಳದ ಕಡೆಯಿಂದ ಒಡಹುಟ್ಟಿದವರಾದ ದೇವರುಗಳು ನಡೆದು ಬರುತ್ತಾರೆ. ಪಾಡಿಯ ಇಗ್ಗುತಪ್ಪ, ಪಾಲೂರಪ್ಪ, ತಿರುನೆಲ್ಲಿಯ ಪೆಮ್ಮಯ್ಯ, ಅವರ ತಂಗಿ, ಒಬ್ಬೊಬ್ಬರೂ ಒಂದೊಂದು ಜಾಗವನ್ನು ಒಲಿದು ನಿಲ್ಲುತ್ತಾರೆ. ಅವರಲ್ಲಿ ಜಗಳವಿದೆ, ಪಂಥವಿದೆ, ತಮಾಷೆಯಿದೆ. ಒಂದು ಪಠ್ಯದಲ್ಲಿ ಕೊಡಗಿನ ಪಾವಿತ್ರ್ಯ ಉತ್ತರದಿಂದ ಋಷಿಯೊಂದಿಗೆ ಬರುತ್ತದೆ. ಇನ್ನೊಂದರಲ್ಲಿ ಪಶ್ಚಿಮದಿಂದ, ಘಟ್ಟ ಹತ್ತಿ, ಒಡಹುಟ್ಟಿದವರ ಗುಂಪಿನಲ್ಲಿ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಹಾಗಾದರೆ ಯಾವುದು ನಿಜ? ಅದರ ಹಿಂದೆಯೇ, ಸ್ವಲ್ಪ ತಗ್ಗಿದ ದನಿಯಲ್ಲಿ: ಹಾಗಾದರೆ ಕಾವೇರಿಯ ಕಥೆ ಸುಳ್ಳೇ?

ಅಧ್ಯಾಪಕನ ಯೋಗ್ಯತೆ ಪರೀಕ್ಷೆಗೊಳಗಾಗುವುದು ಇಲ್ಲಿ. ‘ನಂಬಿಕೆಯ ವಿಷಯ, ಪ್ರಶ್ನಿಸಬಾರದು’ ಎಂದರೆ ಅದು ಮಠದ ಉತ್ತರ. ‘ಪುರೋಹಿತರ ಕಟ್ಟುಕಥೆ’ ಎಂದರೆ ಅದು ವೇದಿಕೆಯ ಉತ್ತರ. ಎರಡೂ ಪಠ್ಯವನ್ನು ಓದುವ ಶ್ರಮದಿಂದ ತಪ್ಪಿಸಿಕೊಳ್ಳುವ ದಾರಿಗಳು. ಕೇಳಬೇಕಾದದ್ದು ಬೇರೆ: ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದರು, ಯಾವ ಹೊತ್ತಿನಲ್ಲಿ, ಹೇಳಿದ್ದರಿಂದ ಏನು ನಡೆಯಿತು? ಬಲಮುರಿಯ ಐತಿಹ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹರಿದುಹೋಗುವ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಅಂದಿನಿಂದ ಕೊಡವತಿಯರು ನೆರಿಗೆಯನ್ನು ಹಿಂದೆ ಉಡುತ್ತಾರೆ ಎಂಬುದು ಆ ಕಥೆ. ಬಟ್ಟೆಯ ಚರಿತ್ರೆ ಬರೆಯುವವನಿಗೆ ಇದು ಪ್ರಯೋಜನಕ್ಕೆ ಬಾರದು. ಆದರೆ ಊರಿನ ಹೆಂಗಸರ ಉಡುಗೆಯನ್ನು ಪುರಾಣದ ನದಿಗೆ ಹೊಲಿದ ದಾರ ಇದೇ. ಮಾಹಾತ್ಮ್ಯೆಯ ಓಲೆ ಕೊಡಗಿನ ಅಂಗಳಕ್ಕೆ ಇಳಿದ ಬಾಗಿಲೂ ಇದೇ. ಅಕ್ಟೋಬರಿನ ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯ ಬಳಿ ಸಂಸ್ಕೃತ ಮಂತ್ರ ಕೇಳಿಸುತ್ತದೆ. ಮನೆಯಲ್ಲಿ ಅದೇ ಕಾವೇರಿಗೆ ಕೆಂಪು ರೇಷ್ಮೆ ಸುತ್ತಿ, ಬಳೆ ತೊಡಿಸಿ, ತೆಂಗಿನಕಾಯಿಯ ರೂಪದಲ್ಲಿ ಕಣಿ ಪೂಜೆ ನಡೆಯುತ್ತದೆ. ಅಲ್ಲಿ ಮುಂದೆ ನಿಲ್ಲುವವಳು ಮನೆಯ ಹೆಂಗಸು, ಮಂತ್ರವಿಲ್ಲ. ಎರಡೂ ಕಡೆ ಇರುವ ವಿದ್ಯಾರ್ಥಿನಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಕಾಣದಿರುವುದೇಕೆ ಎಂದು ಕೇಳಿಕೊಳ್ಳಲು ಅವಳಿಗೆ ಕಲಿಸಿದರೆ ಸಾಕು. ಕಾಣಲೇಬೇಕೆಂದು ಒತ್ತಾಯಿಸುವ ಅಧಿಕಾರ ಪದವಿ ಪಠ್ಯಕ್ಕಿಲ್ಲ.

‘ಪಟ್ಟೋಲೆ ಪಳಮೆ’ಯ ವಿಷಯ ಇನ್ನೂ ಸ್ವಾರಸ್ಯದ್ದು. ಪೊಲೀಸ್ ಇಲಾಖೆಯಲ್ಲಿ ಕೆಲಸದಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಕೇಳಿದ ಹಾಡು, ಗಾದೆ, ಒಗಟು, ಆಚಾರಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ಈ ಗ್ರಂಥದಲ್ಲಿ ಹಾಡುಗಳು ಕೊಡವ ಭಾಷೆಯಲ್ಲಿವೆ, ಲಿಪಿ ಕನ್ನಡ, ವಿವರಣೆಯೂ ಕನ್ನಡ. ಭಾರತೀಯ ಭಾಷೆಗಳ ಜಾನಪದ ಸಂಗ್ರಹಗಳಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನವಿದೆ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2003ರಲ್ಲಿ ಇಂಗ್ಲಿಷ್ ಅನುವಾದವನ್ನೂ ತಂದರು. ಇದನ್ನು ಕನ್ನಡ ವಿಭಾಗಗಳು ‘ಜನಪದ ಗೀತೆಗಳ ಸಂಕಲನ’ ಎಂಬ ಶೀರ್ಷಿಕೆಯ ಕೆಳಗಿಟ್ಟು ಮುಂದೆ ಸಾಗಿವೆ. ಅದು ಸರಿಯಾದ ಶೀರ್ಷಿಕೆಯಲ್ಲ.

ದುಡಿಯ ಹಾಡಿನ ಕ್ರಮವನ್ನು ನೋಡಬೇಕು. ನಾಲ್ವರು ಇಬ್ಬಿಬ್ಬರಾಗಿ ಹಾಡುತ್ತಾರೆ. ಮೊದಲಿನವರು ಎತ್ತಿದ್ದನ್ನು ಉಳಿದಿಬ್ಬರು ಹಿಡಿಯುತ್ತಾರೆ. ಚೌಕಟ್ಟು ಪೂರ್ವನಿರ್ಧಾರಿತ, ಒಳಗಿನದು ಆ ಮನೆಯದು, ಆ ದಿನದ್ದು. ಮದುವೆಯ ಹಾಡಿನಲ್ಲಿ ಆ ಒಕ್ಕದ ಹೆಸರು ಬರಬೇಕು, ಸಾವಿನ ಹಾಡಿನಲ್ಲಿ ಆ ಸತ್ತವನ ಬಾಳು ಬರಬೇಕು. ಸಿದ್ಧ ಪದಪುಂಜಗಳನ್ನು ಜೋಡಿಸುತ್ತ ಸ್ಥಳದಲ್ಲಿಯೇ ಹಾಡು ಕಟ್ಟುವ ಈ ವಿದ್ಯೆಯನ್ನು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಗಾಯಕರಲ್ಲಿ ಕಂಡು 1960ರಲ್ಲಿ ಗ್ರಂಥವಾಗಿಸಿದ. 1930ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಎಂ. ಬಿ. ಎಮೆನೊ ತೋಡ ಮತ್ತು ಕೊಡವ ಭಾಷೆಗಳ ಮೇಲೆ ಕೆಲಸ ಮಾಡುವಾಗ ಮೌಖಿಕ ಕವಿಗಳ ಬಗೆಗೆ ಬರೆದದ್ದೂ ಇದರ ಜೊತೆ ಓದತಕ್ಕದ್ದು. ಇಂಥ ಹಾಡನ್ನು ಚಿಣ್ಣಪ್ಪನವರು ಒಮ್ಮೆ ಬರೆದಿಟ್ಟಾಗ, ಹಲವು ಹಾಡಿಕೆಗಳಲ್ಲಿ ಒಂದು ಹಾಡಿಕೆ ಕಾಗದದ ಮೇಲೆ ನಿಂತಿತು. ಅವರ ಉದ್ದೇಶ ಉಳಿಸುವುದಾಗಿತ್ತು, ಉಳಿಯಿತು. ಜೊತೆಗೆ, ಅವರು ಎಣಿಸಿದ್ದರೋ ಇಲ್ಲವೋ, ಇನ್ನೊಂದೂ ನಡೆಯಿತು. ಆಚಾರದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ‘ಪಟ್ಟೋಲೆಯಲ್ಲಿ ಹೀಗಿದೆ’ ಎಂಬುದು ವಾದವನ್ನು ಮುಗಿಸುವ ಮಾತಾಯಿತು. ಹಾಡಿನಿಂದ ಹುಟ್ಟಿದ ಪುಸ್ತಕ ಹಾಡನ್ನು ತಿದ್ದತೊಡಗಿತು. ವೇದವೋ ಬೈಬಲ್ಲೋ ಹೇಗೆ ಸಂಕಲಿತವಾಯಿತು, ಯಾವಾಗ ಪ್ರಮಾಣವಾಯಿತು ಎಂಬ ಪ್ರಶ್ನೆಗೆ ವಿದ್ವಾಂಸರು ಊಹೆಯ ಮೇಲೆ ಊಹೆ ಪೇರಿಸಬೇಕಾಗುತ್ತದೆ. ಕೊಡಗಿನಲ್ಲಿ ಸಂಕಲನಕಾರನ ಹೆಸರು ಗೊತ್ತು, ಇಸವಿ ಗೊತ್ತು, ಅವನ ಉದ್ಯೋಗ ಕೂಡ ಗೊತ್ತು. ಧರ್ಮಗ್ರಂಥವೊಂದು ಹುಟ್ಟುವ ಬಗೆಯನ್ನು ಒಂದು ಶತಮಾನದ ಅಂತರದಲ್ಲಿ, ದಾಖಲೆಯೊಂದಿಗೆ, ಊರಿನಲ್ಲಿಯೇ ಕುಳಿತು ಅಭ್ಯಾಸ ಮಾಡುವ ಅವಕಾಶ ಎಷ್ಟು ವಿಶ್ವವಿದ್ಯಾಲಯಗಳಿಗೆ ಇದೆ?

ಅದೇ ಚಿಣ್ಣಪ್ಪನವರು ಭಗವದ್ಗೀತೆಯನ್ನು ಕೊಡವ ಭಾಷೆಗೆ ತಂದರೆಂಬುದನ್ನೂ ಸೇರಿಸಿ ನೋಡಬೇಕು. ಒಂದು ಕೈಯಿಂದ ಊರಿನ ಹಾಡನ್ನು ಪುಸ್ತಕಕ್ಕೆ ಏರಿಸಿದವರು ಇನ್ನೊಂದು ಕೈಯಿಂದ ಪುಸ್ತಕವನ್ನು ಊರಿನ ಮಾತಿಗೆ ಇಳಿಸಿದರು. ಅವರಿಗಿಂತ ಸ್ವಲ್ಪ ಹಿರಿಯರಾದ ಅಪ್ಪಚ್ಚಕವಿ 1906ರಲ್ಲಿ ‘ಯಯಾತಿ ರಾಜಂಡ ನಾಟಕ’ದಿಂದ ಆರಂಭಿಸಿ ಪುರಾಣದ ವಸ್ತುಗಳನ್ನೂ ಕಾವೇರಿಯ ಕಥೆಯನ್ನೂ ಕೊಡವ ರಂಗಕ್ಕೆ ತಂದಿದ್ದರು. ‘ಸಂಸ್ಕೃತೀಕರಣ’ ಎಂಬ ಒಂದೇ ಪದದಲ್ಲಿ ಈ ಇಬ್ಬರನ್ನೂ ಮುಗಿಸಿಬಿಡುವುದು ಸುಲಭ. ಆ ಪದವೂ ಕೊಡಗಿನದೇ ಎಂಬುದು ಮಾತ್ರ ತರಗತಿಯಲ್ಲಿ ಮರೆತುಹೋಗುತ್ತದೆ. ಎಂ. ಎನ್. ಶ್ರೀನಿವಾಸರು 1940ರ ದಶಕದ ಆರಂಭದಲ್ಲಿ ಇಲ್ಲಿ ಕ್ಷೇತ್ರಕಾರ್ಯ ನಡೆಸಿ, ಆಕ್ಸ್‌ಫರ್ಡಿನಲ್ಲಿ ಪ್ರಬಂಧವಾಗಿಸಿ, 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ ‘ಪಟ್ಟೋಲೆ ಪಳಮೆ’ಗೆ ಬಹಳ ಋಣಿ. ಹಾಡುಗಾರನಿಂದ ಪೊಲೀಸ್ ಅಧಿಕಾರಿಗೆ, ಅವನಿಂದ ಮಾನವಶಾಸ್ತ್ರಜ್ಞನಿಗೆ, ಅಲ್ಲಿಂದ ಜಗತ್ತಿನ ಸಮಾಜಶಾಸ್ತ್ರಕ್ಕೆ, ಅಲ್ಲಿಂದ ಕನ್ನಡ ಪತ್ರಿಕೆಯ ‘ಸಂಸ್ಕೃತೀಕರಣ: ಟಿಪ್ಪಣಿ ಬರೆಯಿರಿ’ ಎಂಬ ಐದು ಅಂಕದ ಪ್ರಶ್ನೆಗೆ ಬಂದು ತಲಪಿದ ದಾರಿ ಅದು. ಪರೀಕ್ಷೆಯಲ್ಲಿ ಕುಳಿತ ಕೊಡವ ವಿದ್ಯಾರ್ಥಿ ತನ್ನ ಅಜ್ಜನ ಮನೆಯ ಮಂಗಲದ ಬಗ್ಗೆಯೇ ಬರೆಯುತ್ತಿದ್ದೇನೆಂದು ತಿಳಿಯದೆ ಉತ್ತರಿಸುತ್ತಾನೆ.

ಈ ಎರಡು ಪುಸ್ತಕಗಳ ನೆರಳು ಬೀಳದ ಬೆಂಚುಗಳೂ ಇವೆ. ಪ್ರತಿವರ್ಷ ಮೇ ತಿಂಗಳಲ್ಲಿ ಗೋಣಿಕೊಪ್ಪಕ್ಕೆ ಹತ್ತಿರದ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಕುರುಬರೂ ಯರವರೂ ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬಡಿಯುತ್ತ, ದೇವರನ್ನೂ ದಾರಿಹೋಕರನ್ನೂ ಬೈದು ಹಾಡುತ್ತ, ಕಾಸು ಎತ್ತುತ್ತ ಬರುತ್ತಾರೆ. ತಮ್ಮನ್ನು ಕರೆತಂದ ದೇವರು ಹೆಣ್ಣೊಬ್ಬಳಿಗೆ ಮರುಳಾಗಿ ತಮ್ಮನ್ನು ಕೈಬಿಟ್ಟನೆಂಬುದು ಅದರ ಹಿಂದಿನ ಐತಿಹ್ಯ. ಆ ಬೈಗುಳ ಹರಕೆ, ಬೈಯದಿದ್ದರೆ ಹಬ್ಬವಿಲ್ಲ. ಕೀರ್ತನೆಗಳ ಪಾಠದಲ್ಲಿ ಅಧ್ಯಾಪಕ ನಿಂದಾಸ್ತುತಿ ಎಂಬ ಪ್ರಕಾರವನ್ನು ಬಹಳ ಉತ್ಸಾಹದಿಂದ ವಿವರಿಸುತ್ತಾನೆ: ಭಕ್ತನಿಗೆ ದೇವರೊಡನೆ ಎಂಥ ಸಲಿಗೆ, ನಿಂದೆಯೊಳಗೆ ಎಂಥ ಪ್ರೀತಿ! ಅದೇ ಸಲಿಗೆ ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿ, ಛಂದಸ್ಸಿಲ್ಲದೆ, ಕುಡಿದ ಬಾಯಲ್ಲಿ ಕೇಳಿಸಿದಾಗ ಅದಕ್ಕೆ ‘ಅಶ್ಲೀಲ’ ಎಂಬ ಹೆಸರು ಬೀಳುತ್ತದೆ. ವರ್ಷದ ಉಳಿದ ದಿನ ತೋಟದ ಮಾಲೀಕನ ಎದುರು ತಲೆ ತಗ್ಗಿಸಿ ದುಡಿಯುವವನು ಆ ಒಂದು ದಿನ ಕಾರನ್ನು ಅಡ್ಡಗಟ್ಟಿ ಬೈಯಬಲ್ಲನೆಂಬುದನ್ನು ಹೇಳದೆ ಈ ಪಠ್ಯದ ಅರ್ಥ ಹೇಳಲು ಬರುವುದಿಲ್ಲ. ದೇವರ ಹೆಗಲ ಮೇಲೆ ಕೈಹಾಕಿ ಧಣಿಯನ್ನು ಬೈಯುವ ಹಾಡು ಅದು. ಪುರಂದರದಾಸರ ನಿಂದಾಸ್ತುತಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಕೇಳಬಹುದಾಗಿತ್ತು.

ಮುಸ್ಲಿಂ ಮತ್ತು ಕ್ರೈಸ್ತ ವಿದ್ಯಾರ್ಥಿಗಳ ಸ್ಥಿತಿ ಬೇರೊಂದು ಬಗೆಯದು. ಅವರಿಗೆ ಗ್ರಂಥವಿದೆ, ಆದರೆ ಅದು ‘ಕನ್ನಡ ಸಾಹಿತ್ಯ’ವಲ್ಲವಾದ್ದರಿಂದ ತರಗತಿಯ ಹೊರಗಿದೆ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿದ್ದು 1831ರಲ್ಲಿ; ಕನ್ನಡ ಗದ್ಯದ ಚರಿತ್ರೆ ಹೇಳುವವರು ಅದನ್ನು ಒಂದು ಸಾಲಿನಲ್ಲಿ ಉಲ್ಲೇಖಿಸುತ್ತಾರೆ, ಒಂದು ಪುಟವನ್ನೂ ಓದಿಸುವುದಿಲ್ಲ. ಕಲ್ಲಿಕೋಟೆಯ ಖಾಜಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳದಲ್ಲಿ ರಚಿಸಿದ ‘ಮುಹಿಯುದ್ದೀನ್ ಮಾಲೆ’ ಮಾಪಿಳ್ಳೆ ಮನೆಗಳ ಹಾಡು. ಶರಣರ ರಗಳೆಯನ್ನು ಓದುವ ಹುಡುಗಿಯೊಬ್ಬಳಿಗೆ ಸಂತನ ಮಹಿಮೆಯನ್ನು ಹಾಡುವ ಆ ಮಾಲೆ ಕಂಠಪಾಠವಾಗಿದ್ದರೆ, ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಪಠ್ಯ ಅಧ್ಯಾಪಕನಿಗೆ ಎಲ್ಲಿ ಸಿಗಬೇಕು? ಅವಳು ಹೇಳುವುದಿಲ್ಲ, ಅವನು ಕೇಳುವುದಿಲ್ಲ. ಎಮ್ಮೆಮಾಡಿನ ಉರೂಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಲಿಂಗಾಯತ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ವೀರಾಜಪೇಟೆಯಲ್ಲಿ ಕಥೋಲಿಕರ ಇಗರ್ಜಿ 1792ರಿಂದಲೂ ನಿಂತಿದೆ. ಊರು ಇಷ್ಟು ಕಾಲ ಅಕ್ಕಪಕ್ಕದಲ್ಲಿ ಬಾಳಿದ್ದನ್ನು ತರಗತಿ ಅಕ್ಕಪಕ್ಕದಲ್ಲಿ ಓದಲು ಹಿಂಜರಿಯುತ್ತದೆ.

ಹಿಂಜರಿಕೆಗೆ ಕಾರಣಗಳಿಲ್ಲವೆಂದು ಹೇಳಿದರೆ ಅದು ಅಪ್ರಾಮಾಣಿಕವಾದೀತು. ವಚನಗಳ ಮೇಲೆ ಜೀವಮಾನವಿಡೀ ದುಡಿದ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಬರಹಗಳಿಗಾಗಿ 1989ರಲ್ಲಿ ಒತ್ತಡಕ್ಕೆ ಮಣಿದು ತಮ್ಮ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದರು. ಪಠ್ಯವಾಗಿದ್ದ ‘ಮಹಾಚೈತ್ರ’ ನಾಟಕದ ಮೇಲಿನ ಗದ್ದಲವನ್ನು 1990ರ ದಶಕದ ಅಧ್ಯಾಪಕರು ಮರೆತಿಲ್ಲ. ಕೊಡಗಿನಲ್ಲಿ 2015ರ ನವೆಂಬರಿನ ಟಿಪ್ಪು ಜಯಂತಿಯಂದು ಮಡಿಕೇರಿಯ ಬೀದಿಯಲ್ಲಿ ಜೀವಹಾನಿಯಾಯಿತು. ಆ ವಾರದ ನಂತರ ತರಗತಿಗೆ ಬಂದವರು ತಾವು ಕುಳಿತ ಬೆಂಚನ್ನು ಬೇರೆ ಕಣ್ಣಿನಿಂದ ನೋಡಿರಬೇಕು. ಇಂಥ ಕಾಲದಲ್ಲಿ ‘ನಾವು ಇದನ್ನು ಸಾಹಿತ್ಯವಾಗಿ ಮಾತ್ರ ನೋಡೋಣ’ ಎಂಬ ಕೊಡೆಯ ಕೆಳಗೆ ಅಧ್ಯಾಪಕ ನಿಂತರೆ ಅವನನ್ನು ಹಳಿಯುವಂತಿಲ್ಲ. ಆ ಕೊಡೆ ಎಷ್ಟೋ ಪಠ್ಯಗಳನ್ನು ಕಾಪಾಡಿದೆ. ಆದರೆ ಅದರ ಅಡಿಯಲ್ಲಿ ಸಾಹಿತ್ಯವೆಂದು ಈಗಾಗಲೇ ಮುದ್ರೆ ಬಿದ್ದದ್ದಕ್ಕೆ ಮಾತ್ರ ಜಾಗ. ಮುದ್ರೆ ಬೀಳದವರು ಮಳೆಯಲ್ಲಿ ನಿಂತಿರುತ್ತಾರೆ.

ವಿಶ್ವವಿದ್ಯಾಲಯಗಳ ಧರ್ಮಪೀಠಗಳು ಈ ಕೆಲಸವನ್ನು ಮಾಡಬಲ್ಲವೇ? ಮೈಸೂರಿನ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ, ಧಾರವಾಡದ ಬಸವ ಪೀಠ ಮೊದಲಾದವು ಗ್ರಂಥಸಂಪಾದನೆಗೆ ಉಪಕಾರ ಮಾಡಿವೆ. ಆದರೆ ಒಂದು ಮತಕ್ಕೆ ಒಂದು ಪೀಠವಾದಾಗ ಹೋಲಿಕೆಯ ದೃಷ್ಟಿ ಕುಗ್ಗುವುದು ಸಹಜ. ಜಯಂತಿಯ ಭಾಷಣವೇ ಅಧ್ಯಯನವಾಗುವ ಅಪಾಯವೂ ಇದೆ. ವಾದವೇ ಬೇಡವೆನ್ನುವ ಭಕ್ತಿಗೆ ಎದುರಾಗಿ ತೋರಿಸಬಹುದಾದ ಜಾಗವೊಂದು ಕುಶಾಲನಗರದ ಹೊಳೆಯಾಚೆಯೇ ಇದೆ. 1960ರ ದಶಕದಲ್ಲಿ ನೆಲೆಗೊಂಡ ಬೈಲುಕುಪ್ಪೆಯ ಟಿಬೆಟನ್ ವಸತಿಯ ಸೆರಾ ವಿಹಾರದಲ್ಲಿ ಭಿಕ್ಷುಗಳು ಗೆಶೆ ಪದವಿಗಾಗಿ ಹಲವು ವರ್ಷ ಶಾಸ್ತ್ರ ಓದುತ್ತಾರೆ. ಅಂಗಳದಲ್ಲಿ ಎದುರುಬದುರು ನಿಂತು, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆದು, ಎದುರಾಳಿಯನ್ನು ಮೂಲೆಗೆ ಒತ್ತುತ್ತಾರೆ. ಅದು ನಂಬಿದವರ ಓದು; ಆದರೂ ಪ್ರಶ್ನೆಗೆ ಹೆದರದ ಓದು. ಪ್ರವಾಸಕ್ಕೆಂದು ಅಲ್ಲಿಗೆ ಹೋಗುವ ಕಾಲೇಜು ತಂಡಗಳು ಸ್ವರ್ಣಮಂದಿರದ ಮುಂದೆ ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತವೆ.

ಕನ್ನಡ ಅಧ್ಯಾಪಕನೊಬ್ಬ ಈಗಿರುವ ಪಠ್ಯಕ್ರಮದೊಳಗೇ ಮಾಡಬಹುದಾದದ್ದು ಏನಾದರೂ ಇದ್ದರೆ ಅದು ಆಂತರಿಕ ಮೌಲ್ಯಮಾಪನದ ನಿಯೋಜಿತ ಕಾರ್ಯದಲ್ಲಿದೆ. 2021ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಕ್ರಮವೂ 2024ರಲ್ಲಿ ಮರಳಿದ ಮೂರು ವರ್ಷದ ಕ್ರಮವೂ ಆ ಸಣ್ಣ ಕಿಟಕಿಯನ್ನು ಮುಚ್ಚಿಲ್ಲ. ಗ್ರಂಥಾಲಯದಿಂದ ನಕಲು ಮಾಡಿದ ‘ವಚನಗಳಲ್ಲಿ ಸಾಮಾಜಿಕ ಪ್ರಜ್ಞೆ’ಯ ಬದಲು, ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಪವಿತ್ರವೆಂದು ಕೇಳಿಬರುವ ಒಂದು ಪಠ್ಯವನ್ನು, ಹಾಡಾಗಲಿ, ಪ್ರಾರ್ಥನೆಯಾಗಲಿ, ಬೈಗುಳವಾಗಲಿ, ಕನ್ನಡ ಲಿಪಿಯಲ್ಲಿ ಬರೆದು ಕನ್ನಡ ಅರ್ಥ ಕೊಟ್ಟು ತರಬಹುದು. ಚಿಣ್ಣಪ್ಪನವರು ಮಾಡಿದ್ದೂ ಇಷ್ಟೇ. ಆದರೆ ಅವರ ಪುಸ್ತಕದ ಚರಿತ್ರೆಯಿಂದ ಕಲಿತ ಒಂದು ಎಚ್ಚರವನ್ನು ಸೇರಿಸಬೇಕು: ಪಠ್ಯದ ಕೆಳಗೆ ಇದನ್ನು ಯಾರು ಹೇಳಬಹುದು, ಯಾರು ಹೇಳಬಾರದು, ಯಾವಾಗ, ಯಾರೆದುರು, ಇವರಿಗಿಂತ ಬೇರೆಯಾಗಿ ಇದನ್ನು ಹೇಳುವವರು ಯಾರಿದ್ದಾರೆ ಎಂಬುದನ್ನು ಬರೆಯತಕ್ಕದ್ದು. ಹೇಳಿದವರು ಬರೆಯಬಾರದೆಂದರೆ ಪಠ್ಯದ ಜಾಗ ಖಾಲಿಯಿರಲಿ. ಬೇಡವೆಂದ ಕಾರಣವನ್ನು ಮಾತ್ರ ದಾಖಲಿಸಿದರೂ ಪೂರ್ಣ ಅಂಕ. ಸಾವಿನ ಮನೆಯ ಹಾಡನ್ನು ಮಾದರಿಗೆಂದು ತರಗತಿಯಲ್ಲಿ ಹಾಡಿಸುವ ಹಕ್ಕು ಯಾವ ಅಧ್ಯಾಪಕನಿಗೂ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಮೌಲ್ಯಮಾಪನದ್ದು: ಅಧ್ಯಾಪಕನಿಗೆ ಗೊತ್ತಿಲ್ಲದ ಭಾಷೆಯ ಪಠ್ಯಕ್ಕೆ ಅಂಕ ಕೊಡುವುದು ಹೇಗೆ? ಯರವ ಮಾತನ್ನು, ಅರಬಿ-ಮಲಯಾಳವನ್ನು ತಿದ್ದುವವರು ಕನ್ನಡ ವಿಭಾಗದಲ್ಲಿ ಎಲ್ಲಿದ್ದಾರೆ? ಆಕ್ಷೇಪ ನಿಜವಾದದ್ದು. ಅದಕ್ಕೆ ಸದ್ಯಕ್ಕೆ ಇರುವ ಪರಿಹಾರ ಪಕ್ಕದ ಬೆಂಚಿನದು: ಅದೇ ಭಾಷೆಯ ಇನ್ನೊಬ್ಬ ವಿದ್ಯಾರ್ಥಿ ಓದಿ, ತನ್ನ ಮನೆಯಲ್ಲಿ ಇದು ಹೇಗೆ ಬೇರೆಯೆಂದು ಅಂಚಿನಲ್ಲಿ ಬರೆಯಬೇಕು. ಹಾಡಿಯಿಂದ ಬಂದವನು ಒಬ್ಬನೇ ಇರುವ ತರಗತಿಯಲ್ಲಿ ಆ ಅಂಚು ಖಾಲಿಯಾಗಿಯೇ ಉಳಿಯುತ್ತದೆ. ಕುಂಡೆ ಹಬ್ಬ ಬರುವ ಮೇ ತಿಂಗಳಿನ ಆ ವಾರವಂತೂ ಕಾಲೇಜಿನಲ್ಲಿ ಪರೀಕ್ಷೆ, ಇಲ್ಲವೇ ರಜೆ.